ಕ್ಯಾನ್‌ಕೂನ್ ಪ್ರವಾಸ: ಫಾರ್ವರ್ಡ್‌ಗಳು ಹೆದರಿಸುವುದು ಯಾವುದಕ್ಕೆ, ನಾವು ಹೆದರಬೇಕಾದ್ದು ಯಾವುದಕ್ಕೆ?

ಅಮೆರಿಕದಲ್ಲಿ ಮಗನೋ ಮಗಳೋ ಇರುವ ಮನೆಗಳಲ್ಲಿ ಈ ಮಾತು ಈಗ ಸಾಮಾನ್ಯ: "ಅಪ್ಪಾ, ಈ ಸಲ ನೀವಿಬ್ಬರೂ ಬಂದಾಗ ಎಲ್ಲರೂ ಕ್ಯಾನ್‌ಕೂನ್‌ಗೆ ಹೋಗಿ ಬರೋಣ." ಈ ಸುದ್ದಿ ಫ್ಯಾಮಿಲಿ ಗ್ರೂಪ್‌ಗೆ ಬಿದ್ದರೆ ಸಾಕು, ಅರ್ಧ ಗಂಟೆಯೊಳಗೆ ಫಾರ್ವರ್ಡ್‌ಗಳು ಶುರುವಾಗುತ್ತವೆ. ಮೆಕ್ಸಿಕೋದಲ್ಲಿ ಹಾಡಹಗಲೇ ಗುಂಡು ಹಾರಿಸುತ್ತಾರಂತೆ. ಅಲ್ಲಿನ ನೀರು ಕುಡಿದರೆ ಆಸ್ಪತ್ರೆಯೇ ಗತಿಯಂತೆ. ಸಮುದ್ರದ ತುಂಬ ವಿಷದ ಪಾಚಿಯಂತೆ. ಅಮೆರಿಕದ ವೀಸಾ ಇದ್ದರೆ ಬೇರೇನೂ ಬೇಡವಂತೆ.

ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು. ಆದರೆ ಅಲ್ಲಿಗೆ ಹೋಗುವವರ ಜೀವಕ್ಕೇ ಸಂಬಂಧಿಸಿದ ಒಂದು ವಿಷಯ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಒಂದೊಂದಾಗಿ ನೋಡೋಣ.

ಮೊದಲು, ಈ ಊರು ಎಲ್ಲಿದೆ?

ಮೆಕ್ಸಿಕೋದ ನಕ್ಷೆಯಲ್ಲಿ ಪೂರ್ವಕ್ಕೆ ಹೆಬ್ಬೆರಳಿನಂತೆ ಚಾಚಿಕೊಂಡಿರುವುದು ಯುಕಟಾನ್ ಪರ್ಯಾಯದ್ವೀಪ. ಅದರ ತುದಿಯಲ್ಲಿ, ಕೆರಿಬಿಯನ್ ಸಮುದ್ರದ ದಡದಲ್ಲಿ ಕ್ಯಾನ್‌ಕೂನ್ ಇದೆ. ಅಮೆರಿಕದ ಮಯಾಮಿಯಿಂದ ವಿಮಾನದಲ್ಲಿ ಸುಮಾರು ಎರಡು ಗಂಟೆಯ ದಾರಿ.

ಇದು ಹಳೆಯ ಊರಲ್ಲ. 1970ರ ಹೊತ್ತಿಗೆ ಇಲ್ಲಿದ್ದದ್ದು ತೆಂಗಿನ ಮರ, ಮರಳು ಮತ್ತು ಬೆರಳೆಣಿಕೆಯ ಜನ. ಪ್ರವಾಸೋದ್ಯಮದಿಂದ ಡಾಲರ್ ಗಳಿಸಲು ಮೆಕ್ಸಿಕೋ ಸರ್ಕಾರವೇ ಜಾಗ ಆರಿಸಿ ಕಟ್ಟಿದ ಊರಿದು. ಮೊದಲ ಹೋಟೆಲ್‌ಗಳು ತೆರೆದದ್ದು 1974ರಲ್ಲಿ. ಇಂಗ್ಲಿಷ್ ಅಂಕಿ 7ರ ಆಕಾರದಲ್ಲಿ ಇಪ್ಪತ್ತು ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಚಾಚಿರುವ ಮರಳ ಪಟ್ಟಿಯ ಮೇಲೆ ಹೋಟೆಲ್‌ಗಳು ಸಾಲಾಗಿ ನಿಂತಿವೆ. ಒಂದು ಕಡೆ ನಿಚುಪ್ಟೆ ಎಂಬ ಹಿನ್ನೀರು, ಇನ್ನೊಂದು ಕಡೆ ಸಮುದ್ರ. ಈ 7ರ ಆಕಾರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫಾರ್ವರ್ಡ್ 1: "ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ"

ನಿಜ, ಆದರೆ ಪೂರ್ತಿ ಓದಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೋ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಅಥವಾ ಕಾಯಂ ವಾಸದ ಕಾರ್ಡ್ ಇದ್ದರೆ ಪ್ರವಾಸಕ್ಕೆ ಪ್ರತ್ಯೇಕ ವೀಸಾ ಬೇಡ.

ಇಲ್ಲಿ ಮುಖ್ಯವಾದ ಮಾತು "ಚಾಲ್ತಿಯಲ್ಲಿರುವ" ಎಂಬುದು. ಎಚ್-1ಬಿ ಮೇಲೆ ಕೆಲಸ ಮಾಡುವ ಅನೇಕರ ಪಾಸ್‌ಪೋರ್ಟ್‌ನಲ್ಲಿನ ವೀಸಾ ಸ್ಟಾಂಪ್ ಅವಧಿ ಮುಗಿದಿರುತ್ತದೆ, ಐ-797 ಪತ್ರದ ಬಲದಿಂದ ಅವರು ಅಮೆರಿಕದಲ್ಲಿ ಕಾನೂನುಬದ್ಧವಾಗಿಯೇ ಇರುತ್ತಾರೆ. ಆದರೆ ಆ ಪತ್ರ ವೀಸಾ ಅಲ್ಲ. ಅದನ್ನು ತೋರಿಸಿ ಮೆಕ್ಸಿಕೋ ಒಳಗೆ ಹೋಗಲು ಆಗುವುದಿಲ್ಲ. ಅಪ್ಪ ಅಮ್ಮನ ವೀಸಾ ಸರಿಯಿದ್ದು, ಟಿಕೆಟ್ ಬುಕ್ ಮಾಡಿದ ಮಗನೇ ಚೆಕ್-ಇನ್ ಕೌಂಟರ್‌ನಿಂದ ವಾಪಸ್ ಬರಬೇಕಾದೀತು. ಹೋಟೆಲ್‌ಗೆ ಹಣ ಕಟ್ಟುವ ಮೊದಲು ಎಲ್ಲರ ಪಾಸ್‌ಪೋರ್ಟ್ ತೆರೆದು ದಿನಾಂಕ ನೋಡಿ.

ಇದರ ಜೊತೆಗೇ ಓಡಾಡುವ ಇನ್ನೊಂದು ಮಾತು: "ಮೆಕ್ಸಿಕೋಗೆ ಹೋಗಿ ಬಂದರೆ ಅಪ್ಪ ಅಮ್ಮನಿಗೆ ಅಮೆರಿಕದಲ್ಲಿ ಹೊಸದಾಗಿ ಆರು ತಿಂಗಳು ಸಿಗುತ್ತದೆ." ಇದು ಹಕ್ಕಲ್ಲ. ವಾಪಸ್ ಬರುವಾಗ ಎಷ್ಟು ದಿನ ಕೊಡಬೇಕು ಎಂಬುದು ಅಧಿಕಾರಿಯ ನಿರ್ಧಾರ. ಹಳೆಯ ಗಡುವೇ ಮುಂದುವರಿಯಬಹುದು. ಬಂದ ಮೇಲೆ ಐ-94 ದಾಖಲೆಯಲ್ಲಿ ಯಾವ ದಿನಾಂಕ ಇದೆ ಎಂದು ನೋಡಿಕೊಂಡು ಅದರಂತೆ ನಡೆಯಿರಿ.

ಬೆಂಗಳೂರಿನಿಂದ ನೇರವಾಗಿ ಹೋಗುವವರಿಗೂ ಒಂದು ಮಾತು. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಬರೀ ವಿಮಾನ ಬದಲಿಸುವುದಾದರೂ ಇಮಿಗ್ರೇಷನ್ ದಾಟಲೇಬೇಕು, ಅದಕ್ಕೆ ಅಲ್ಲಿನ ವೀಸಾ ಬೇಕು.

ಫಾರ್ವರ್ಡ್ 2: "ಮೆಕ್ಸಿಕೋಗೆ ಹೋದವರು ವಾಪಸ್ ಬರುವುದಿಲ್ಲ"

ಮೆಕ್ಸಿಕೋದಲ್ಲಿ ಮಾದಕ ವಸ್ತು ಗ್ಯಾಂಗ್‌ಗಳ ಹಿಂಸೆ ಇರುವುದು ಸುಳ್ಳಲ್ಲ. ಆದರೆ ದೇಶ ಎಷ್ಟು ದೊಡ್ಡದು ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ. ಮೆಕ್ಸಿಕೋ ವಿಸ್ತೀರ್ಣ ಕರ್ನಾಟಕದ ಸುಮಾರು ಹತ್ತು ಪಟ್ಟು. ಗ್ಯಾಂಗ್ ಸುದ್ದಿಗಳಲ್ಲಿ ಪದೇ ಪದೇ ಕೇಳಿಬರುವ ಸಿನಲೋವಾ ರಾಜ್ಯದ ರಾಜಧಾನಿಯಿಂದ ಕ್ಯಾನ್‌ಕೂನ್‌ಗೆ ಆಕಾಶ ಮಾರ್ಗದಲ್ಲೇ ಸುಮಾರು 2,000 ಕಿ.ಮೀ. ಬೆಂಗಳೂರಿನಿಂದ ದೆಹಲಿಗಿಂತ ದೂರ.

ಅಮೆರಿಕದ ವಿದೇಶಾಂಗ ಇಲಾಖೆ ಮೆಕ್ಸಿಕೋದ ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಎಚ್ಚರಿಕೆಯ ಹಂತ ಕೊಡುತ್ತದೆ. ಕ್ಯಾನ್‌ಕೂನ್ ಇರುವ ಕಿಂತಾನಾ ರೋ ರಾಜ್ಯದ ಹೆಸರು ಹುಡುಕಿ, ಹೊರಡುವ ವಾರ ಒಮ್ಮೆ ಓದಿ. ಅದು ಅಲ್ಲಿಗೆ ಹೇಳುತ್ತ ಬಂದಿರುವುದು "ಹೆಚ್ಚಿನ ಎಚ್ಚರ ವಹಿಸಿ" ಎಂದು, "ಹೋಗಬೇಡಿ" ಎಂದಲ್ಲ. ಹಾಗೆಂದು ಮೈಮರೆಯಬಾರದು. ರಾತ್ರಿ ಹೊತ್ತು ಗೊತ್ತಿಲ್ಲದ ಬೀದಿಗೆ ಹೋಗದಿರುವುದು, ವಿಮಾನ ನಿಲ್ದಾಣದಿಂದ ಹೋಟೆಲ್‌ಗೆ ಮೊದಲೇ ಗಾಡಿ ಬುಕ್ ಮಾಡುವುದು, ಮಾದಕ ವಸ್ತುವಿನ ಗೊಡವೆಗೇ ಹೋಗದಿರುವುದು, ಇಷ್ಟನ್ನು ಪಾಲಿಸಿ.

ಕಳ್ಳತನಕ್ಕಿಂತ ಸುಲಭವಾಗಿ ಹಣ ಕಳೆಯುವುದು ಒಂದು ಚಿಹ್ನೆಯಿಂದ. ಮೆಕ್ಸಿಕೋದ ಪೆಸೊಗೂ ಡಾಲರ್ ಚಿಹ್ನೆಯನ್ನೇ ಬಳಸುತ್ತಾರೆ. ಮೆನುವಿನಲ್ಲಿ ಆ ಚಿಹ್ನೆಯ ಮುಂದೆ 200 ಎಂದಿದ್ದರೆ ಅದು ಪೆಸೊ ಇರಬಹುದು. ಯಾವ ಹಣ ಎಂದು ಕೇಳದೆ ಡಾಲರ್ ಎಣಿಸಬೇಡಿ.

ಫಾರ್ವರ್ಡ್ 3: "ಸಮುದ್ರದಲ್ಲಿ ವಿಷದ ಪಾಚಿ ತುಂಬಿದೆ"

ಫೋಟೋ ನಿಜ, ವಿವರಣೆ ತಪ್ಪು. ದಡದಲ್ಲಿ ಕಂದು ಬಣ್ಣದ ರಾಶಿಯಾಗಿ ಕಾಣುವುದು ಸಾರ್ಗಾಸಮ್ ಎಂಬ ತೇಲುವ ಕಡಲಕಳೆ. ಅದಕ್ಕೆ ಬೇರಿಲ್ಲ. ಸಣ್ಣ ದ್ರಾಕ್ಷಿಯಂಥ ಗಾಳಿಗುಳ್ಳೆಗಳ ಸಹಾಯದಿಂದ ತೇಲುತ್ತ, ಪ್ರವಾಹ ಮತ್ತು ಗಾಳಿ ಒಯ್ದಲ್ಲಿಗೆ ಹೋಗುತ್ತದೆ. 2011ರಿಂದ ಅಟ್ಲಾಂಟಿಕ್ ಸಾಗರದಲ್ಲಿ ಇದು ಭಾರಿ ಪ್ರಮಾಣದಲ್ಲಿ ಬೆಳೆಯುತ್ತಿದೆ. 2018ರಲ್ಲಿ ಆಫ್ರಿಕಾದ ಪಶ್ಚಿಮ ತೀರದಿಂದ ಮೆಕ್ಸಿಕೋ ಕೊಲ್ಲಿಯವರೆಗೆ 8,000 ಕಿ.ಮೀ.ಗೂ ಉದ್ದದ ಪಟ್ಟಿಯಾಗಿ ಉಪಗ್ರಹ ಚಿತ್ರಗಳಲ್ಲಿ ಕಂಡಿತ್ತು.

ನೀರಿನಲ್ಲಿ ತೇಲುವಾಗ ಅದು ಮೀನು, ಆಮೆಮರಿಗಳಿಗೆ ಆಸರೆ. ತೊಂದರೆ ಶುರುವಾಗುವುದು ದಡಕ್ಕೆ ಬಿದ್ದು ಕೊಳೆಯುವಾಗ. ಆಗ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಆಸ್ತಮಾ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು ಅಂಥ ರಾಶಿಯ ಹತ್ತಿರ ಕೂರದಿರುವುದು ಒಳ್ಳೆಯದು.

ಇದು ಹೆಚ್ಚಾಗಿ ಬರುವುದು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಒಮ್ಮೊಮ್ಮೆ ಹಿಂದೆ ಮುಂದೆ. ಹೆಚ್ಚು ಬಡಿಯುವುದು ಪೂರ್ವಕ್ಕೆ ಮುಖ ಮಾಡಿದ ದಡಗಳಿಗೆ. ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿಯಾದ ಇಸ್ಲಾ ಮುಹೇರೆಸ್ ದ್ವೀಪದ ಉತ್ತರ ದಡಕ್ಕೆ ಸಾಮಾನ್ಯವಾಗಿ ಕಡಿಮೆ.

ಹಾಗಾದರೆ ಯಾವಾಗ ಹೋಗಬೇಕು? ಅಟ್ಲಾಂಟಿಕ್ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. 1988ರ ಸೆಪ್ಟೆಂಬರ್‌ನಲ್ಲಿ ಗಿಲ್ಬರ್ಟ್, 2005ರ ಅಕ್ಟೋಬರ್‌ನಲ್ಲಿ ವಿಲ್ಮಾ ಕ್ಯಾನ್‌ಕೂನ್ ಅನ್ನು ನಲುಗಿಸಿದ್ದವು. ಎರಡನ್ನೂ ಲೆಕ್ಕ ಹಾಕಿದರೆ ಡಿಸೆಂಬರ್‌ನಿಂದ ಮಾರ್ಚ್ ಆರಂಭದವರೆಗಿನ ಕಾಲ ಉತ್ತಮ. ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರ ರಜೆ, ಊರೆಲ್ಲ ಗದ್ದಲ. ರಾತ್ರಿಯಿಡೀ ಸಂಗೀತ ಬೇಕೆನ್ನುವವರಿಗೆ ಅದು ಹಬ್ಬ, ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಅಲ್ಲ.

ಫಾರ್ವರ್ಡ್ 4: "ನಾವು ಪಾನಿಪುರಿ ತಿಂದು ಬೆಳೆದವರು, ನಮಗೇನೂ ಆಗಲ್ಲ"

ಇದು ತಮಾಷೆಯ ಫಾರ್ವರ್ಡ್, ಆದರೆ ನಂಬುವವರು ಬಹಳ. ಪ್ರವಾಸಿಗರ ಭೇದಿಗೆ ಮುಖ್ಯ ಕಾರಣ ಇ. ಕೋಲಿ ಬ್ಯಾಕ್ಟೀರಿಯಾದ ಕೆಲವು ತಳಿಗಳು. ಒಂದು ಊರಿನಲ್ಲಿ ಪದೇ ಪದೇ ಎದುರಾದ ತಳಿಗಳಿಗೆ ದೇಹ ಸ್ವಲ್ಪ ಹೊಂದಿಕೊಳ್ಳುತ್ತದೆ ನಿಜ. ಆದರೆ ಊರು ಬದಲಾದರೆ ತಳಿಯೂ ಬದಲಾಗಬಹುದು. ಹತ್ತು ವರ್ಷದಿಂದ ಅಮೆರಿಕದಲ್ಲಿರುವ ಮಗನ ಹೊಟ್ಟೆಯಲ್ಲಿ ಹಳೆಯ ಪಾನಿಪುರಿಯ ರಕ್ಷಣೆ ಉಳಿದಿದೆ ಎಂದುಕೊಳ್ಳುವುದೂ ತಪ್ಪು. "ಖಾರ ತಿಂದರೆ ಕ್ರಿಮಿ ಸಾಯುತ್ತದೆ", "ಎರಡು ಪೆಗ್ ಟಕೀಲಾ ಹಾಕಿದರೆ ಹೊಟ್ಟೆ ಶುದ್ಧ" ಎಂಬುವೂ ಸುಳ್ಳು.

ನಲ್ಲಿ ನೀರು ಕುಡಿಯಬೇಡಿ. ಅಲ್ಲಿನ ಜನರೂ ಕುಡಿಯಲು ಶುದ್ಧೀಕರಿಸಿದ ಕ್ಯಾನ್ ನೀರನ್ನೇ ತರಿಸುತ್ತಾರೆ. ಹೋಟೆಲ್, ದೊಡ್ಡ ರೆಸ್ಟೋರೆಂಟ್‌ಗಳ ಐಸ್ ಸಾಮಾನ್ಯವಾಗಿ ಶುದ್ಧ ನೀರಿನದ್ದೇ, ಅದಕ್ಕೆ ಹೆದರಬೇಕಿಲ್ಲ. ರಸ್ತೆ ಬದಿಯಲ್ಲಿ ಅನುಮಾನ ಬಂದರೆ ಐಸ್ ಬೇಡ ಎನ್ನಿ. ಬಿಸಿಬಿಸಿಯಾಗಿ ಎದುರಿಗೇ ಮಾಡಿಕೊಡುವುದು, ನೀವೇ ಸಿಪ್ಪೆ ಸುಲಿದು ತಿನ್ನುವ ಹಣ್ಣು ಸುರಕ್ಷಿತ. ಬಫೆಯಲ್ಲಿ ಗಂಟೆಗಟ್ಟಲೆ ತೆರೆದಿಟ್ಟ ತಿಂಡಿ ಬೇಡ, ಅದು ಐಷಾರಾಮಿ ಹೋಟೆಲ್‌ನದ್ದಾದರೂ ಸರಿ.

ಭೇದಿ ಶುರುವಾದರೆ ಮೊದಲ ಮದ್ದು ಓಆರ್‌ಎಸ್. ನಾಲ್ಕು ಪ್ಯಾಕೆಟ್ ಜೊತೆಗಿರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಜ್ವರ, ಮಲದಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಮಂಪರು ಕಂಡರೆ ಕಾಯದೆ ವೈದ್ಯರಲ್ಲಿಗೆ ಹೋಗಿ.

ಬಿಪಿ, ಶುಗರ್ ಮಾತ್ರೆಗಳನ್ನು ಮನೆಯಿಂದಲೇ ಒಯ್ಯಿರಿ. ಪ್ರವಾಸಿ ಊರುಗಳ ಕೆಲವು ಅಂಗಡಿಗಳಲ್ಲಿ ನಕಲಿ ಮಾತ್ರೆ ಮಾರುತ್ತಾರೆ ಎಂದು ಅಮೆರಿಕ ಸರ್ಕಾರವೇ ಎಚ್ಚರಿಸಿದೆ. ಆದರೆ ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ ಮತ್ತು ಇ-ಸಿಗರೇಟ್ ಒಯ್ಯಬೇಡಿ, ಮೆಕ್ಸಿಕೋದಲ್ಲಿ ಅವಕ್ಕೆ ನಿಷೇಧವಿದೆ. ಅಪ್ಪ ಅಮ್ಮನಿಗೆ ಮಾಡಿಸಿದ ವಿಮೆ ಅಮೆರಿಕದ ಹೊರಗೂ ನಡೆಯುತ್ತದೆಯೇ ಎಂದು ಮೊದಲೇ ಕೇಳಿ.

ಸಸ್ಯಾಹಾರಿಗಳಿಗೆ

"ಅನ್ನ, ಬೀನ್ಸ್ ಎಲ್ಲ ಸಿಗುತ್ತದೆ, ಚಿಂತೆಯಿಲ್ಲ" ಎನ್ನುತ್ತಾರೆ. ಅಲ್ಲೇ ಎಡವುವುದು. ಅರೆದು ಹುರಿದ ಬೀನ್ಸ್ ಕಾಳಿಗೆ ಹಂದಿಯ ಕೊಬ್ಬು ಹಾಕುವುದು ಅಲ್ಲಿ ರೂಢಿ, ಅದರ ಹೆಸರು "ಮಾಂತೇಕಾ". ಕೆಂಪು ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದುಂಟು. "ಮಾಂಸ ಬೇಡ" ಎಂದರೆ ಕೋಳಿ, ಮೀನು ನಡೆಯುತ್ತದೆ ಎಂದು ತಿಳಿಯುವವರೂ ಇದ್ದಾರೆ. ಆದ್ದರಿಂದ ಹೀಗೆ ಹೇಳಿ: "ನೋ ಕೋಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ." ಅಂದರೆ ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ. ಜೊತೆಗೆ "ಸಿನ್ ಮಾಂತೇಕಾ", ಕೊಬ್ಬು ಬೇಡ.

ಮೆನು ನೋಡಿ ಪರದೇಶಿ ಅನ್ನಿಸಿದರೆ ಇದನ್ನು ನೆನೆಯಿರಿ: ನಮ್ಮ ಸಪೋಟ ಹಣ್ಣಿನ ಮೂಲ ಈ ಸೀಮೆ. ನಮ್ಮ ಅಡುಗೆಮನೆಯ ಮೆಣಸಿನಕಾಯಿ ಕೂಡ ಮೆಕ್ಸಿಕೋ ಕಡೆಯಿಂದಲೇ ಪೋರ್ಚುಗೀಸರ ಕಾಲದಲ್ಲಿ ನಮ್ಮಲ್ಲಿಗೆ ಬಂದದ್ದು.

ಫಾರ್ವರ್ಡ್ 5: "ನಮ್ಮ ಚರ್ಮಕ್ಕೆ ಸನ್‌ಸ್ಕ್ರೀನ್ ಬೇಕಿಲ್ಲ"

ಕಂದು ಚರ್ಮದಲ್ಲಿನ ಮೆಲನಿನ್ ಒಂದಿಷ್ಟು ರಕ್ಷಣೆ ಕೊಡುತ್ತದೆ, ಪೂರ್ತಿ ಅಲ್ಲ. ಕ್ಯಾನ್‌ಕೂನ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಯುವಿ ಸೂಚ್ಯಂಕ 11 ದಾಟುವುದು ಸಾಮಾನ್ಯ, ಇದು ಅತ್ಯಂತ ತೀವ್ರ ಎಂಬ ಹಂತ. ಬಿಳಿ ಮರಳು ಇನ್ನಷ್ಟು ಕಿರಣಗಳನ್ನು ಮೇಲಕ್ಕೆ ತಿರುಗಿಸುತ್ತದೆ. ತುಂಬುತೋಳಿನ ಈಜುಡುಗೆ, ಟೋಪಿ, ಮಧ್ಯಾಹ್ನ ನೆರಳು, ಇವು ಕ್ರೀಮಿಗಿಂತ ಮೇಲು. ಸೆನೋಟೆ ಎಂಬ ಸಿಹಿನೀರಿನ ಗುಂಡಿಗಳಲ್ಲಿ ಕ್ರೀಮು ಹಚ್ಚಿಕೊಂಡು ಇಳಿಯಲು ಹಲವೆಡೆ ಬಿಡುವುದೂ ಇಲ್ಲ.

ಯಾವ ಫಾರ್ವರ್ಡ್‌ನಲ್ಲೂ ಇಲ್ಲದ್ದು: ಆ ನೀಲಿ ನೀರು

"ಅಷ್ಟು ನೀಲಿ ಇರಲು ಸಾಧ್ಯವಿಲ್ಲ, ಫೋಟೋಶಾಪ್" ಎನ್ನುವವರಿದ್ದಾರೆ. ಇಲ್ಲ, ಅದು ನಿಜವಾದ ಬಣ್ಣ. ಯುಕಟಾನ್ ನೆಲ ಸುಣ್ಣಕಲ್ಲು. ಮಳೆನೀರು ಹೊಳೆಯಾಗಿ ಹರಿಯದೆ ನೆಲದೊಳಗೆ ಇಂಗಿಹೋಗುತ್ತದೆ. ಹೀಗಾಗಿ ಮಣ್ಣು ತಂದು ಸಮುದ್ರಕ್ಕೆ ಸುರಿಯುವ ದೊಡ್ಡ ನದಿಗಳೇ ಆ ಭಾಗದಲ್ಲಿಲ್ಲ. ತಿಳಿ ನೀರು, ಕೆಳಗೆ ಬಿಳಿ ಮರಳು, ಮೇಲೆ ಬಿಸಿಲು. ಅದಕ್ಕೇ ಆ ಬಣ್ಣ.

ಆ ಬಣ್ಣವೇ ಮೋಸ ಮಾಡುವುದು. ಈಗ 7ರ ಆಕಾರ ನೆನಪಿಸಿಕೊಳ್ಳಿ. 7ರ ಮೇಲಿನ ಅಡ್ಡಗೆರೆ ಉತ್ತರಕ್ಕೆ ಮುಖ ಮಾಡಿದೆ. ಪ್ಲಾಯಾ ಲಾಂಗೋಸ್ತಾ, ಪ್ಲಾಯಾ ತೋರ್ತುಗಾಸ್ ಇರುವುದು ಇಲ್ಲಿ. ಎದುರಿಗಿನ ದ್ವೀಪದ ಮರೆ ಇರುವುದರಿಂದ ಅಲೆ ಕಡಿಮೆ. 7ರ ಉದ್ದಗೆರೆ ಪೂರ್ವಕ್ಕೆ, ತೆರೆದ ಸಮುದ್ರಕ್ಕೆ ಮುಖ ಮಾಡಿದೆ. ಹೆಸರಾಂತ ಪ್ಲಾಯಾ ಡೆಲ್ಫಿನೆಸ್ ಈ ಕಡೆ. ನೀರಿನ ಬಣ್ಣ ಎರಡೂ ಕಡೆ ಒಂದೇ, ಸ್ವಭಾವ ಬೇರೆ. ಪೂರ್ವದ ದಡದಲ್ಲಿ ರಿಪ್ ಕರೆಂಟ್, ಅಂದರೆ ಕಡಲಿನ ಸೆಳೆತ, ಬಲವಾಗಿರುತ್ತದೆ.

ಸೆಳೆತ ಹುಟ್ಟುವುದು ಹೇಗೆ? ನಮ್ಮ ಕೆರೆಯ ಕೋಡಿಯನ್ನು ನೆನೆಯಿರಿ. ಕೆರೆ ತುಂಬಿದ ಮೇಲೆ ನೀರು ಏರಿಯ ಉದ್ದಕ್ಕೂ ಹೊರಬೀಳುವುದಿಲ್ಲ, ತಗ್ಗಾದ ಕೋಡಿಯಲ್ಲಿ ರಭಸದಿಂದ ನುಗ್ಗುತ್ತದೆ. ಸಮುದ್ರದಲ್ಲೂ ಹಾಗೆಯೇ. ಅಲೆಗಳು ದಡಕ್ಕೆ ತಂದು ತುಂಬಿದ ನೀರು ವಾಪಸ್ ಹೋಗಲೇಬೇಕು. ನೀರೊಳಗಿನ ಮರಳ ದಿಬ್ಬಗಳ ನಡುವೆ ತಗ್ಗು ಸಿಕ್ಕಲ್ಲಿ ಅದು ಕಿರಿದಾದ ಹೊಳೆಯಂತೆ ಸಮುದ್ರದತ್ತ ಓಡುತ್ತದೆ. ಬಲವಾದ ಸೆಳೆತದ ವೇಗ ಸೆಕೆಂಡಿಗೆ ಎರಡೂವರೆ ಮೀಟರ್‌ವರೆಗೂ ಹೋಗಬಲ್ಲದು. ಒಲಿಂಪಿಕ್ ಈಜುಗಾರರೂ ಅದಕ್ಕೆ ಎದುರಾಗಿ ಈಜಲಾರರು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ತಗ್ಗು ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಎರಡೂ ಪಕ್ಕ ನೊರೆ, ನಡುವೆ ಶಾಂತವಾದ ಗಾಢ ನೀರು. "ಇಲ್ಲಿ ಅಲೆ ಕಡಿಮೆ, ಮಕ್ಕಳನ್ನು ಇಲ್ಲೇ ಬಿಡೋಣ" ಎಂದು ನಾವು ಆರಿಸುವ ಜಾಗವೇ ಸೆಳೆತದ ಬಾಯಿ ಆಗಿರಬಹುದು.

ಇದು ಮೆಕ್ಸಿಕೋದ ಮಾತಷ್ಟೇ ಅಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರನ್ನು ಸಮುದ್ರ ಸೆಳೆದೊಯ್ದದ್ದು ನಮಗೆ ಗೊತ್ತಿದೆ. ಬಯಲುಸೀಮೆಯಲ್ಲಿ ಹುಟ್ಟಿ, ಕೆರೆ ಬಾವಿಯಲ್ಲಿ ಈಜು ಕಲಿತ ನಮ್ಮಲ್ಲಿ ಹೆಚ್ಚಿನವರಿಗೆ ಈ ಪಾಠ ಯಾರೂ ಹೇಳಿಕೊಟ್ಟಿಲ್ಲ.

ಸೆಳೆತಕ್ಕೆ ಸಿಕ್ಕಿದರೆ ಏನು ಮಾಡಬೇಕು?

- ಅದು ನಿಮ್ಮನ್ನು ನೀರಿನ ಕೆಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ಹೆಚ್ಚಿನವರು ಮುಳುಗುವುದು ದಡದತ್ತ ಈಜಿ ಈಜಿ ಸುಸ್ತಾಗಿ. ಆದ್ದರಿಂದ ಮೊದಲು ತೇಲಿ, ಉಸಿರಾಡಿ.
- ಈಜಲು ಬಂದರೆ ದಡದತ್ತ ಅಲ್ಲ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳೆತ ಕಿರಿದಾಗಿರುತ್ತದೆ. ಹೊರಬಂದ ಮೇಲೆ ಓರೆಯಾಗಿ ದಡಕ್ಕೆ ಬನ್ನಿ.
- ಆಗದಿದ್ದರೆ ತೇಲುತ್ತ ಕೈ ಬೀಸಿ, ಕೂಗಿ.
- ಬೇರೆಯವರು ಸಿಕ್ಕಿಬಿದ್ದರೆ ನೀರಿಗೆ ಹಾರಬೇಡಿ. ಕಾಪಾಡಲು ಹೋದವರೇ ಸಾಯುವುದು ಎಲ್ಲ ದೇಶದಲ್ಲೂ ನಡೆಯುತ್ತದೆ. ತೇಲುವ ಏನನ್ನಾದರೂ ಎಸೆಯಿರಿ, ಲೈಫ್‌ಗಾರ್ಡ್ ಅನ್ನು ಕರೆಯಿರಿ. ಮೆಕ್ಸಿಕೋದ ತುರ್ತು ಸಂಖ್ಯೆ 911.

ಇದನ್ನೆಲ್ಲ ತಪ್ಪಿಸುವ ಸುಲಭ ದಾರಿ ದಡದಲ್ಲಿನ ಬಾವುಟ. ಹಸಿರು ಇದ್ದರೆ ಇಳಿಯಬಹುದು. ಹಳದಿ ಇದ್ದರೆ ಎಚ್ಚರ, ಈಜು ಬಾರದವರು ಬೇಡ. ಕೆಂಪು ಇದ್ದರೆ ಅಪಾಯ. ಕಪ್ಪು ಇದ್ದರೆ ಯಾರೂ ಇಳಿಯುವಂತಿಲ್ಲ. ಬಿಸಿಲು ಚೆನ್ನಾಗಿದ್ದು, ಆಕಾಶ ತಿಳಿಯಾಗಿದ್ದರೂ ಕೆಂಪು ಬಾವುಟ ಇರಬಹುದು. ಆಗ ನಂಬಬೇಕಾದ್ದು ಆಕಾಶವನ್ನಲ್ಲ, ಬಾವುಟವನ್ನು. ಊಟ, ತಿಂಡಿ, ಮದ್ಯ ಎಲ್ಲ ಸೇರಿಸಿ ಹಣ ಕಟ್ಟಿಸಿಕೊಳ್ಳುವ ಹೋಟೆಲ್‌ಗಳು ಅಲ್ಲಿ ಹೆಚ್ಚು. ಕುಡಿದ ಮೇಲೆ ನೀರು ಬೇಡ.

ನಿಮ್ಮ ಹೋಟೆಲ್ ಪೂರ್ವದ ಕಡೆ ಇದ್ದು ಅಲ್ಲಿ ಕೆಂಪು ಬಾವುಟ ಇದ್ದರೆ ದಿನ ಹಾಳಾಯಿತು ಎಂದುಕೊಳ್ಳಬೇಡಿ. ಮೆಕ್ಸಿಕೋದಲ್ಲಿ ಸಮುದ್ರ ದಡ ಯಾವ ಹೋಟೆಲ್‌ನ ಸ್ವತ್ತೂ ಅಲ್ಲ, ಅದು ಸಾರ್ವಜನಿಕ. ಸಿಟಿ ಬಸ್ ಹತ್ತಿ ಉತ್ತರದ ದಡಕ್ಕೆ ಹೋಗಿ, ಅಲ್ಲಿನ ಬಾವುಟ ನೋಡಿ ಮಕ್ಕಳನ್ನು ಆಡಿಸಿ.

ಕೊನೆಯ ಮಾತು

2012ರ ಡಿಸೆಂಬರ್ 21ಕ್ಕೆ ಪ್ರಪಂಚ ಮುಳುಗುತ್ತದೆ ಎಂಬ ಸುದ್ದಿ ನೆನಪಿದೆಯೇ? ಅದು ಈ ಸೀಮೆಯ ಮಾಯಾ ಜನರ ಹೆಸರಿನಲ್ಲೇ ಹಬ್ಬಿದ್ದು. ನಿಜಕ್ಕೂ ಅಂದು ಅವರ ಪಂಚಾಂಗದ ಒಂದು ದೊಡ್ಡ ಆವರ್ತ ಮುಗಿದು ಇನ್ನೊಂದು ಶುರುವಾಗಿತ್ತು, ಅಷ್ಟೇ. ಕ್ಯಾನ್‌ಕೂನ್‌ನಿಂದ ಸುಮಾರು 200 ಕಿ.ಮೀ. ದೂರದ ಚಿಚೆನ್ ಇಟ್ಜಾಕ್ಕೆ ಹೋದರೆ ಅವರು ಕಟ್ಟಿದ ಪಿರಮಿಡ್ ನೋಡಬಹುದು. ನಾಲ್ಕು ಕಡೆ 91 ಮೆಟ್ಟಿಲು, ಮೇಲೊಂದು, ಒಟ್ಟು 365. ಈಗ ಅದನ್ನು ಹತ್ತಲು ಬಿಡುವುದಿಲ್ಲ. ಮಾಯಾ ಜನ ನಾಶವಾಗಿಲ್ಲ, ನಿಮ್ಮ ಹೋಟೆಲ್‌ನಲ್ಲಿ ಕೆಲಸ ಮಾಡುವವರಲ್ಲೇ ಮನೆಯಲ್ಲಿ ಮಾಯಾ ಭಾಷೆ ಮಾತಾಡುವವರು ಇರಬಹುದು.

ಪ್ರಪಂಚ ಮುಳುಗುವ ಸುದ್ದಿ ಎಲ್ಲರಿಗೂ ತಲುಪಿತು, ಮನುಷ್ಯರು ಮುಳುಗುವುದನ್ನು ತಪ್ಪಿಸುವ ಸುದ್ದಿ ಯಾರಿಗೂ ತಲುಪಲಿಲ್ಲ. ಗ್ರೂಪ್‌ಗೆ ಏನಾದರೂ ಕಳುಹಿಸಲೇಬೇಕು ಎಂದಿದ್ದರೆ ಈ ನಾಲ್ಕು ಸಾಲು ಕಳುಹಿಸಿ:

ವೀಸಾ ದಿನಾಂಕ ನೋಡಿ.
ನಲ್ಲಿ ನೀರು ಬೇಡ, ಓಆರ್‌ಎಸ್ ಜೊತೆಗಿರಲಿ.
ಬಾವುಟ ನೋಡದೆ ಸಮುದ್ರಕ್ಕೆ ಇಳಿಯಬೇಡಿ.
ಸೆಳೆತಕ್ಕೆ ಸಿಕ್ಕರೆ ತೇಲಿ, ಪಕ್ಕಕ್ಕೆ ಈಜಿ.

ಕೊನೆಯ ಎರಡು ಸಾಲು ಕ್ಯಾನ್‌ಕೂನ್‌ಗೆ ಹೋಗದವರಿಗೂ ಬೇಕು. ಗೋಕರ್ಣಕ್ಕೆ ಹೋಗುವವರಿಗಂತೂ ಖಂಡಿತ ಬೇಕು.